ಬೀದಿಯಲ್ಲಿ ಕಂಡರೆ ಗುರುತು ಹಿಡಿಯಬಾರದು

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಯಜಮಾನರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಯಾರಾದರೂ ಕೇಳಿದರೆ "ಸರ್ವೆ ಡ್ಯೂಟಿ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅದನ್ನು ಕೇಳಿ ಬಸವೇಶ್ವರನಗರದ ನಮ್ಮ ರಸ್ತೆಯವರು ನನ್ನನ್ನು ಜಮೀನು ಅಳೆಯುವ ಇಲಾಖೆಯವಳು ಎಂದುಕೊಂಡಿದ್ದರು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಯಂತೂ ತಮ್ಮ ಕಾಂಪೌಂಡು ರಸ್ತೆಗೆ ಸ್ವಲ್ಪ ಚಾಚಿಕೊಂಡಿರುವ ವಿಷಯ ಮೇಲಿನವರಿಗೆ ತಿಳಿಸಬೇಡಿ ಎಂದು ಒಂದು ಡಬ್ಬಿ ಕೋಡುಬಳೆ ಕೊಟ್ಟುಹೋದರು. ಕೋಡುಬಳೆ ಚೆನ್ನಾಗಿತ್ತು. ನಾನು ಯಾರಿಗೂ ತಿಳಿಸಲಿಲ್ಲ.

ನಿಜವಾಗಿ ನಮ್ಮ ಕೆಲಸ ಇಷ್ಟು. ಯುದ್ಧಕ್ಕೆ ಹೆದರಿ ಬೇರೆ ದೇಶದಿಂದ ಓಡಿಬಂದವರು, ಹೊಟ್ಟೆಪಾಡಿಗೆ ಬೇರೆ ರಾಜ್ಯ, ಬೇರೆ ಜಿಲ್ಲೆಗಳಿಂದ ಬಂದವರು, ಇವರ ಮನಸ್ಸು ಹೇಗಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು. ರಾಜಾಜಿನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಸಂಶೋಧನಾ ಕೇಂದ್ರವಿತ್ತು. ಈಗ ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡಿ "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಫೋನಿನಲ್ಲಿ ಹೇಳಿದರೆ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು ಎಂಬುದನ್ನು ಬಿಟ್ಟುಬಿಡುತ್ತೇನೆ. ಬಂದದ್ದೂ ಕಡಿಮೆ, ಬಂದಾಗ ಮೇಜು ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ.

ಮೊದಲನೆಯದಾಗಿ, ಬಕಲ್ ಇರುವ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಪ್ರತಿ ಬಾಗಿಲಿನಲ್ಲೂ ಬಿಚ್ಚಿ ಹಾಕಿ ಸೊಂಟ ಹೋಗುತ್ತದೆ. ಕೊಟ್ಟ ಕಾಫಿಯನ್ನು ಬೇಡ ಅನ್ನಬೇಡಿ. ನೀವು ಕಾಫಿ ಬಿಟ್ಟರೆ ಅವರು ಉತ್ತರ ಬಿಡುತ್ತಾರೆ. ಒಂದೇ ದಿನ ಹೆಚ್ಚು ಮನೆ ಇಟ್ಟುಕೊಳ್ಳಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ. ಅದಕ್ಕೆ ಕಾರಣ ಕಾಫಿಯೋ ಕೇಳಿದ ಕಥೆಗಳೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಸಂದರ್ಶನ ಏಕಾಂತದಲ್ಲಿ ನಡೆಯಬೇಕು ಎಂಬುದು ನಿಯಮ. ಈ ನಿಯಮ ಬರೆದವರು ವಠಾರ ನೋಡಿದವರಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಓಣಿಯಲ್ಲಿ ಲೇತ್ ಮೆಷಿನ್ ಕೆಲಸಕ್ಕೆ ಬಿಹಾರದಿಂದ ಬಂದ ಹುಡುಗರ ಒಂದು ಕೋಣೆ ಇತ್ತು. ಅಲ್ಲಿ ರಾಜೇಶ್ ಎಂಬುವನನ್ನು ಕೂರಿಸಿಕೊಂಡು, ಇತ್ತೀಚೆಗೆ ನಿದ್ದೆ ಚೆನ್ನಾಗಿ ಬರುತ್ತಿದೆಯಾ ಎಂದು ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದವನು, "ಅವನಿಗೆ ಬರುತ್ತೆ ಮೇಡಂ, ನಮಗೆ ಬರಲ್ಲ. ಗೊರಕೆ," ಎಂದ. ಜೀವನದಲ್ಲಿ ಆಸಕ್ತಿ ಕಡಿಮೆಯಾಗಿದೆ ಅನ್ನಿಸುತ್ತದೆಯೇ ಎಂದು ಕೇಳಿದರೆ ಇಡೀ ಕೋಣೆ ಚರ್ಚೆಗೆ ಕೂತಿತು. ಪಾತ್ರೆ ತೊಳೆಯುವ ಸರದಿ ಬಂದ ದಿನ ಕಡಿಮೆಯಾಗುತ್ತದೆ ಎಂದು ಕೈಯೆತ್ತಿ ತೀರ್ಮಾನ ಮಾಡಿದರು. ಏಕಾಂತಕ್ಕೆಂದು ಅವನನ್ನು ಬೀದಿಕೊನೆಯ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಟೀ ಅಂಗಡಿಯವನು ಲೋಟ ಇಡುತ್ತಾ, "ಇವ್ನಿಗೆ ಬೇಜಾರು ಇರೋದು ಹೌದು ಮೇಡಂ, ಬರ್ಕೊಳ್ಳಿ. ಊರಿಂದ ಫೋನ್ ಬಂದ್ರೆ ಅರ್ಧ ಟೀ ಬಿಟ್ಟು ಹೋಗ್ತಾನೆ," ಎಂದ.

ಕೊನೆಗೆ ಏಕಾಂತ ಸಿಕ್ಕಿದ್ದು ಮೆಟ್ರೋದಲ್ಲಿ. ರಾಜಾಜಿನಗರದಲ್ಲಿ ಹತ್ತಿ, ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂದರೆ ಒಂದು ಸಂದರ್ಶನ ಮುಗಿಯುತ್ತಿತ್ತು. ಸುತ್ತ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಪಕ್ಕದಲ್ಲಿ ಒಬ್ಬ ಮನುಷ್ಯ ತನ್ನ ಬದುಕಿನ ದುಃಖವನ್ನೆಲ್ಲ ಹೇಳಿಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ. ರಾಜೇಶ್ ತನ್ನ ತಾಯಿಯ ಕಾಯಿಲೆ ಬಗ್ಗೆ ಮೊದಲ ಸಲ ಬಾಯಿಬಿಟ್ಟದ್ದು ಅಲ್ಲಿಯೇ. ಆಗ ಕಾಗದ ಪೆನ್ನು ಇತ್ತು, ಬರೆಯುವುದು ನಿಲ್ಲಿಸಿ ಅವನ ಮುಖ ನೋಡಬಹುದಿತ್ತು. ಆಮೇಲೆ ಟ್ಯಾಬ್ಲೆಟ್ ಬಂತು. ಅಳುತ್ತಿರುವವರ ಎದುರಿಗೆ ಕೂತು ಸ್ವಲ್ಪ, ಹೆಚ್ಚು, ಬಹಳ ಹೆಚ್ಚು ಎಂಬುದರಲ್ಲಿ ಒಂದನ್ನು ಒತ್ತದಿದ್ದರೆ ಅದು ಮುಂದಿನ ಪ್ರಶ್ನೆಗೆ ಹೋಗುವುದೇ ಇಲ್ಲ. ಹೊಸಬರಿಗೆ ನನ್ನ ಸಲಹೆ, ಅದನ್ನು ಮಗುಚಿ ತೊಡೆಯ ಮೇಲೆ ಇಟ್ಟುಬಿಡಿ. ಅದಕ್ಕೇನೂ ಅವಸರವಿಲ್ಲ.

ವಲಸೆ ಬಂದವರನ್ನು ಕೇಳಿದರೆ ಸಾಲದು, ಹೋಲಿಸಿ ನೋಡಲು ಇಲ್ಲಿಯವರನ್ನೂ ಕೇಳಬೇಕು ಎಂದು ಒಂದು ವರ್ಷ ಆದೇಶ ಬಂತು. ಇದೇನು ಮಹಾ ಎಂದು ಹೊರಟೆವು. ರಾಜಾಜಿನಗರದ ಒಂದು ಮನೆಯಲ್ಲಿ ನಿಮ್ಮೂರು ಯಾವುದು ಎಂದು ಕೇಳಿದರೆ "ಕುಣಿಗಲ್" ಎಂದರು. ಹುಟ್ಟಿದ್ದು? "ಇಲ್ಲೇ, ಸೆಕೆಂಡ್ ಬ್ಲಾಕ್‌ನಲ್ಲಿ." ಕುಣಿಗಲ್‌ನಲ್ಲಿ ಇದ್ದಿರಾ? "ಇಲ್ಲ, ಹಾಸನಕ್ಕೆ ಹೋಗುವಾಗ ಬೈಪಾಸ್‌ನಲ್ಲಿ ನೋಡಿದೀನಿ." ಮುಂದಿನ ಮನೆಯವರು ಮಳವಳ್ಳಿ, ಅದರಾಚೆಯವರು ಗೌರಿಬಿದನೂರು. ಹಿಂದಿನ ವಾರವಷ್ಟೇ ಅಸ್ಸಾಮಿನಿಂದ ಬಂದಿದ್ದ ಹುಡುಗ "ನಂದು ಇಲ್ಲೇ, ಬ್ಯಾಡರಹಳ್ಳಿ" ಅನ್ನುತ್ತಿದ್ದ. ನಮ್ಮ ಲೆಕ್ಕದಲ್ಲಿ ರಾಜಾಜಿನಗರಕ್ಕೆ ರಾಜಾಜಿನಗರವೇ ವಲಸೆ ಬಂದದ್ದಾಯಿತು.

ಕೊನೆಗೂ ಇಲ್ಲಿಯವರೇ ಎಂಬ ಒಬ್ಬರು ನನಗೆ ಸಿಕ್ಕಿದ್ದು ಅತ್ತಿಗುಪ್ಪೆಯಲ್ಲಿ. ಲಲಿತಮ್ಮ ಎಂದು. ಅವರ ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳಿವೆ. ಗಂಡ ತೀರಿಹೋಗಿದ್ದರು. ನಿಪ್ಪಟ್ಟು, ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ದೊಡ್ಡ ಮಗ ಮೈಸೂರಿನ ಒಂದು ದೊಡ್ಡ ಬಳಗದ ಹುಡುಗಿಯನ್ನು ಮದುವೆಯಾಗಿ ಅವರಲ್ಲೇ ಒಬ್ಬನಾಗಿ ಹೋಗಿದ್ದ. ಚಿಕ್ಕವನು ಹರೀಶ ಜೊತೆಯಲ್ಲಿದ್ದ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ನಿಪ್ಪಟ್ಟು ತಟ್ಟುತ್ತಾ ತಟ್ಟುತ್ತಾ ಲಲಿತಮ್ಮ ಹೇಳಿದರು: "ಸೊಸೆ ಬರೋದಕ್ಕೆ ನಂಗೆ ಭಯ ಇಲ್ಲ ಮೇಡಂ. ಅವಳ ಹಿಂದೆ ಬರೋ ಬಳಗಕ್ಕೆ ಭಯ. ಹಬ್ಬ ಬಂದ್ರೆ ದೊಡ್ಡವನು ಅವರ ಮನೇಲೇ. ಅಲ್ಲಿ ಜನವೋ ಜನ. ಇವನೂ ಹಂಗೇ ಹೋದ್ರೆ ನಾನು ಯಾರಿಗೆ ಬಡಿಸ್ಲಿ? ಇದನ್ನ ಯಾರ ಹತ್ರಾನೂ ಹೇಳ್ಬೇಡಿ, ನನ್ ಮಗನಿಗೂ ಗೊತ್ತಿಲ್ಲ." ಹೇಳುವುದಿಲ್ಲ ಎಂದೆ. ಇಂಥ ಮಾತು ಕೊಡುವುದು ನಮ್ಮ ಕೆಲಸದಲ್ಲಿ ದಿನನಿತ್ಯದ್ದು. ಇದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಈಗ ನಮ್ಮ ಮೇಲಧಿಕಾರಿಗಳ ವಿಷಯ ಹೇಳಬೇಕು. ಮೂರ್ತಿ ಸಾರ್ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಡುವ, ಸುಳ್ಳು ಹೇಳಲು ಬಾರದ, ಬಹಳ ಓದಿದ ಮನುಷ್ಯ. ಮನಸ್ಸಿನ ಬಗ್ಗೆ ಅವರು ತಯಾರಿಸಿದ ಪ್ರಶ್ನೆಗಳು ಚೆನ್ನಾಗಿರುತ್ತಿದ್ದವು, ಉತ್ತರ ಎದುರಿಗೆ ಬಂದರೆ ಮಾತ್ರ ಗಾಬರಿಯಾಗುತ್ತಿದ್ದರು. ಯಾರಾದರೂ ಅತ್ತರೆ ತಾವೇ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅವರು ನಮಗೆಲ್ಲ ಕಲಿಸಿದ ಮುಖ್ಯ ಪಾಠ ಒಂದು: ಅಧ್ಯಯನಕ್ಕೆ ಉತ್ತರ ಕೊಟ್ಟವರು ಬೀದಿಯಲ್ಲಿ ಕಂಡರೆ ಗುರುತು ಹಿಡಿಯಬಾರದು. ಅವರೇ ಮೊದಲು ಮಾತನಾಡಿಸಿದರೆ ಮಾತ್ರ ಮಾತು. ನಿಯಮದಲ್ಲಿ ಅರ್ಥವಿತ್ತು. ಜೊತೆಗಿದ್ದವರು "ಇವರು ಯಾರು?" ಎಂದು ಕೇಳಿದರೆ ಆ ಬಡಪಾಯಿ ಏನು ಹೇಳಬೇಕು? ಮನಸ್ಸಿನ ಕಾಯಿಲೆ ವಿಚಾರಿಸಲು ಬಂದಿದ್ದ ಮೇಡಂ ಎನ್ನಬೇಕೇ?

ಇದನ್ನು ಅವರು ಕಾರಿಡಾರಿನಲ್ಲಿ ತಾಲೀಮು ಮಾಡಿಸುತ್ತಿದ್ದರು. ಅವರು ಎದುರಿನಿಂದ ನಡೆದು ಬರಬೇಕು, ನಾವು ಯಾರೋ ಏನೋ ಎಂಬಂತೆ ದಾಟಿಹೋಗಬೇಕು. ಅಭ್ಯಾಸಬಲದಿಂದ ಒಬ್ಬೊಬ್ಬರೂ "ನಮಸ್ಕಾರ ಸಾರ್" ಎಂದು ಫೇಲಾದೆವು.

ಪಾಸಾದ ಮೇಲೆ ಕಷ್ಟ ಶುರುವಾಯಿತು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಕೂತು ಟೀ ಕುಡಿದವರು ಬೀದಿಯಲ್ಲಿ ಮುಖ ತಿರುಗಿಸಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬ್ಯಾಡರಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದ ನೇಪಾಳದ ಧನ್ ಬಹದ್ದೂರ್ ಒಂದು ಭಾನುವಾರ ವಿಜಯನಗರದ ಮಾರ್ಕೆಟ್ಟಿನಲ್ಲಿ ಎದುರಾದರು. ನಾನು ಸೊಪ್ಪಿನ ಗಾಡಿಯ ಕಡೆ ತಿರುಗಿದೆ. ದೊಡ್ಡವರು ಮೊದಲು ಮಾತನಾಡಿಸಲಿ ಎಂದು ಅವರೂ ಸೊಪ್ಪಿನ ಕಡೆ ತಿರುಗಿದರು. ಹಾಗೆ ನಿಂತು ನಿಂತು ನಾನು ಬೇಡದ ಮೆಂತ್ಯವನ್ನು ಕಟ್ಟುಗಟ್ಟಲೆ ಕೊಂಡೆ. ಮರುದಿನ ಅವರು ಆಫೀಸಿಗೇ ಬಂದರು.

"ಮೇಡಂ ನಮ್ ಮನೇಲಿ ಟೀ ಕುಡಿದ್ರು ಸಾರ್. ಮಾರ್ಕೆಟ್‌ನಲ್ಲಿ ಮುಖ ಆ ಕಡೆ ಮಾಡಿದ್ರು. ನಮ್ ಟೀ ಚೆನ್ನಾಗಿರ್ಲಿಲ್ವಾ?"

ಆಫೀಸಿನಲ್ಲಿ ಬೇರೆ ಯಾರೋ ಕೂತಿದ್ದರು. ಮೂರ್ತಿ ಸಾರ್ ನಿಯಮದ ಪ್ರಕಾರ, "ನೀವು ಯಾರು ಅಂತ ನಮಗೆ ಗೊತ್ತಿಲ್ಲ," ಎಂದರು. ಧನ್ ಬಹದ್ದೂರ್ ಆ ದಿನ ಮೆಟ್ಟಿಲಿಳಿದು ಹೋದ ರೀತಿ ನೆನೆದರೆ ನನಗೆ ಈಗಲೂ ಕೆಡುಕೆನಿಸುತ್ತದೆ.

ಇಷ್ಟು ಕಟ್ಟುನಿಟ್ಟಿನ ಸಾರ್ ಅವರೇ ಒಂದು ಸಲ ಇಡೀ ಗುಟ್ಟನ್ನು ಸಂತೆಗೆ ತಂದರು. ಉತ್ತರ ಕೊಟ್ಟವರಿಗೆ ಏನಾದರೂ ಕಾಣಿಕೆ ಕೊಡಬೇಕು ಎಂದಾಯಿತು. ನಮ್ಮ ಅಕೌಂಟೆಂಟ್ ಆಗತಾನೇ ಮಗಳ ಮದುವೆ ಮಾಡಿದ್ದರು. ತಾಂಬೂಲದ ಚೀಲ ಮಾಡಿಸಿದ ಅಂಗಡಿಯಲ್ಲೇ ಹೇಳಿದರೆ ಅಗ್ಗ ಎಂದರು. ಸಾರ್ ಕಣ್ಣುಮುಚ್ಚಿ ಸಹಿ ಮಾಡಿದರು. ಗಟ್ಟಿ ಬಟ್ಟೆಯ ಹಳದಿ ಚೀಲ ಬಂತು. ಒಂದು ಕಡೆ ಗಣೇಶ. ಇನ್ನೊಂದು ಕಡೆ, ವಧೂವರರ ಹೆಸರು ಇರಬೇಕಾದ ಜಾಗದಲ್ಲಿ, ಕೆಂಪು ದಪ್ಪ ಅಕ್ಷರದಲ್ಲಿ "ಮಾನಸಿಕ ಆರೋಗ್ಯ ಅಧ್ಯಯನ, ತಮ್ಮ ಸಹಕಾರಕ್ಕೆ ವಂದನೆಗಳು". ನಾವು ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಾರ್ಯಕ್ರಮ ಅಂದ ಮೇಲೆ ಚೀಲ, ಚೀಲ ಅಂದ ಮೇಲೆ ಹೆಸರು.

ಎರಡು ವಾರದಲ್ಲಿ ವಿಜಯನಗರದ ಮಾರ್ಕೆಟ್ಟೆಲ್ಲ ಹಳದಿಯಾಯಿತು. ನಾವು ಯಾರನ್ನೂ ಗುರುತಿಸದೆ ನಡೆಯುತ್ತಿದ್ದೆವು, ಅವರ ಕೈಯಲ್ಲಿ ಚೀಲ ತೂಗಾಡುತ್ತಿತ್ತು. ಬಸ್‌ಸ್ಟಾಪಿನಲ್ಲಿ ಒಬ್ಬರು ಇನ್ನೊಬ್ಬರನ್ನು ಈ ಚೀಲ ಎಲ್ಲಿ ಸಿಗುತ್ತೆ ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ಒಂದು ಗಂಟೆ ಕೂತು ಬೇಜಾರು ಹೇಳ್ಕೋಬೇಕು ಆಂಟಿ, ಆಮೇಲೆ ಕೊಡ್ತಾರೆ." ಆಮೇಲೆ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲಿನ ಮೇಲೆ ಸ್ವಂತ ಬೇಜಾರು ಹೊತ್ತ ಸ್ಥಳೀಯರು ಸಾಲುಗಟ್ಟಿದರು. ಮೂರ್ತಿ ಸಾರ್ ಒಂದು ವಾರ ಸಪ್ಪಗೆ ಓಡಾಡಿದರು, ಉಳಿದ ಚೀಲಗಳನ್ನು ಬೀರುವಿಗೆ ಹಾಕಿ ಬೀಗ ಜಡಿದರು.

ಪರಮೇಶ್ವರಿ ನನಗೆ ಸಿಕ್ಕಿದ್ದು ಆ ಹೊತ್ತಿನಲ್ಲಿ. ಬ್ಯಾಡರಹಳ್ಳಿಯ ಒಂದು ಕಟ್ಟಡದ ತಾರಸಿಯ ಮೇಲೆ ಶೀಟು ಹಾಕಿದ ಮನೆ. ಅವರು ಹುಡುಗಿಯಾಗಿದ್ದಾಗ ಶ್ರೀಲಂಕಾದಿಂದ ದೋಣಿಯಲ್ಲಿ ಬಂದವರು. ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದು, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡು, ಮಗಳು ತುಳಸಿಯ ಕೈಹಿಡಿದು ಇಲ್ಲಿಗೆ ಬಂದಿದ್ದರು. ತಾಯಿ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದರು, ಮಗಳು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದಳು. ಪರಮೇಶ್ವರಿ ಕನ್ನಡ ಕಲಿತದ್ದು ಟಿವಿ ಧಾರಾವಾಹಿಗಳಿಂದ. ಹಾಗಾಗಿ ಸಾಧಾರಣ ಮಾತಿಗೂ ಧಾರಾವಾಹಿಯ ಅತ್ತೆಯ ಠೀವಿ. ನಾನು ಕಾಫಿಗೆ ಸಕ್ಕರೆ ಕಡಿಮೆ ಇರಲಿ ಎಂದರೆ, "ಈ ಮನೆಗೆ ಬಂದವರು ಕಹಿ ಕುಡಿದು ಹೋದ ಇತಿಹಾಸವಿಲ್ಲ," ಎಂದು ಇನ್ನೊಂದು ಚಮಚ ಹಾಕಿದರು.

ಒಂಟಿತನದ ಪ್ರಶ್ನೆ ಬಂದಾಗ ಮಾತ್ರ ಆ ಠೀವಿ ಇಳಿಯಿತು. "ನಮ್ಮೂರಲ್ಲಿ ಮನೆಯಿಂದ ಅಂಗಡಿಗೆ ಹೋಗೋಷ್ಟರಲ್ಲಿ ಹತ್ತು ಜನ ಎಲ್ಲಿಗೆ ಅಂತ ಕೇಳೋರು. ಕಿರಿಕಿರಿ ಆಗೋದು. ಇಲ್ಲಿ ಇಷ್ಟು ವರ್ಷ ಆಯ್ತು, ಒಬ್ಬರೂ ಕೇಳಿಲ್ಲ ಗಿರಿಜಮ್ಮ. ನಾನೇ ಮನಸ್ಸಲ್ಲಿ ಕೇಳ್ಕೋತೀನಿ, ಎಲ್ಲಿಗೆ ಪರಮೇಶ್ವರಿ ಅಂತ. ಅಂಗಡಿಗೆ ಅಂತ ನಾನೇ ಹೇಳ್ಕೋತೀನಿ."

ನನಗೆ ಆ ದಿನ ತುಂಬಾ ಸಂಕಟವಾಯಿತು. ಈ ಹೆಂಗಸು ಬೀದಿಯಲ್ಲಿ ಎದುರಾದರೆ ನಾನು ಗುರುತು ಹಿಡಿಯಬಾರದಲ್ಲ ಎಂದು ಸಾರ್ ಮೇಲೆ ಸಿಟ್ಟೂ ಬಂತು.

ಕೆಲವು ತಿಂಗಳ ನಂತರ ಪರಮೇಶ್ವರಿಯ ಫೋನ್ ಬಂತು. ತುಳಸಿಗೆ ಒಂದು ಸಂಬಂಧ ಬಂದಿದೆ, ಹುಡುಗ ಅದೇ ಪ್ರೆಸ್ಸಿನವನು, ಇಬ್ಬರೂ ಇಷ್ಟಪಟ್ಟಿದ್ದಾರೆ, ಜಾತಿ ದೇಶ ಎಲ್ಲದರ ಜಗಳವನ್ನು ಅವನು ಮನೆಯಲ್ಲಿ ಆಡಿ ಮುಗಿಸಿದ್ದಾನೆ, ಭಾನುವಾರ ತಾಯಿಯನ್ನು ಕರೆದುಕೊಂಡು ಬರುತ್ತಾನೆ. "ಅತ್ತಿಗುಪ್ಪೆಯವರು. ಹುಡುಗನ ಹೆಸರು ಹರೀಶ. ತಾಯಿ ನಿಪ್ಪಟ್ಟು ಮಾಡಿ ಅಂಗಡಿಗೆ ಹಾಕ್ತಾರಂತೆ," ಎಂದರು.

ಅತ್ತಿಗುಪ್ಪೆಯ ನಿಪ್ಪಟ್ಟಿನವರ ಹರೀಶ ಎಂದರೆ ಲಲಿತಮ್ಮನ ಚಿಕ್ಕ ಮಗನೇ.

"ನಮ್ ಕಡೆಯವರು ಅಂತ ಯಾರೂ ಇಲ್ಲ ಅಂದ್ರೆ ಯಾರು ಹೆಣ್ಣು ತಗೋತಾರೆ? ಹುಡುಗನಿಗೂ ಹೇಳ್ಬೇಡ ಅಂತ ತುಳಸಿಗೆ ಆಣೆ ಹಾಕ್ಸಿ ಜನ ಸೇರಿಸ್ತಾ ಇದೀನಿ. ಚಿಕ್ಕಪ್ಪ ಸಿಕ್ಕಿದ್ದಾರೆ, ದೊಡ್ಡಮ್ಮ ಸಿಕ್ಕಿದ್ದಾರೆ. ನೀವು ಅತ್ತಿಗೆ."

"ಯಾರನ್ನೂ ಸೇರಿಸ್ಬೇಡಿ ಪರಮೇಶ್ವರಿ. ನನ್ನ ಮಾತು ಕೇಳಿ."

"ಯಾಕೆ?"

ಯಾಕೆಂದು ಹೇಳುವ ಹಾಗಿಲ್ಲ. ಬಳಗ ಇಲ್ಲದಿರುವುದೇ ಆ ತಾಯಿಗೆ ಬೇಕಾಗಿರುವುದು, ನೀವು ಯಾವುದಕ್ಕೆ ನಾಚುತ್ತಿದ್ದೀರೋ ಅದೇ ಅವರಿಗೆ ನೆಮ್ಮದಿ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಸುಮ್ಮನೆ, ಸರಳವಾಗಿರಲಿ ಅಂತ," ಎಂದೆ. ಪರಮೇಶ್ವರಿಗೆ ಸಿಟ್ಟು ಬಂತು. "ಈ ಪರಮೇಶ್ವರಿ ಅನಾಥೆ ಅಂತ ಜಗತ್ತಿಗೆಲ್ಲ ಸಾರಬೇಕಾ?" ಎಂದು ಫೋನ್ ಇಟ್ಟರು.

ಮೂರ್ತಿ ಸಾರ್ ಬಳಿ ಹೋಗಿ ಎಲ್ಲ ಹೇಳಿದೆ. ಅಧ್ಯಯನದ ಮುಖ್ಯಸ್ಥರು ಅವರೇ, ಎರಡು ಮನೆಯ ಉತ್ತರಗಳೂ ಅವರಿಗೆ ಗೊತ್ತಿದ್ದವು.

"ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ರೆ ಇಬ್ಬರಿಗೂ ಒಳ್ಳೇದಾಗುತ್ತೆ ಸಾರ್. ಒಂದೇ ಒಂದು ಮಾತು."

"ಹೇಳ್ಬಾರ್ದು."

"ಹೇಳದಿದ್ರೆ ಮದುವೆ ಮುರಿಯುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. "ಮುರಿದ್ರೂ ಹೇಳ್ಬಾರ್ದು ಗಿರಿಜಾ. ಇವತ್ತು ನೀವು ಒಳ್ಳೇದಕ್ಕೆ ಹೇಳ್ತೀರಿ, ನಾಳೆ ಇನ್ನೊಬ್ಬರು ಇನ್ನೇನಕ್ಕೋ ಹೇಳ್ತಾರೆ. ಆಮೇಲೆ ನಮಗೆ ಯಾರು ಬಾಗಿಲು ತೆಗೀತಾರೆ?" ನಾನು ಏಳಲು ಹೋದೆ. ಅವರು ಕನ್ನಡಕ ಹಾಕಿಕೊಂಡು, "ಕರೆದಿದಾರೆ ಅಂದ್ಮೇಲೆ ಹೋಗಿ. ನಾನೂ ಬಂದು ರಸ್ತೆ ಆಚೆ ನಿಂತಿರ್ತೀನಿ. ನಿಮ್ಮ ಬಾಯಿ ನನಗೆ ಗೊತ್ತು," ಎಂದರು.

ಭಾನುವಾರ ಆ ತಾರಸಿ ಮನೆಗೆ ಕಾಲಿಟ್ಟರೆ ಬಾಡಿಗೆ ಕುರ್ಚಿಗಳ ಮೇಲೆ ಪರಮೇಶ್ವರಿಯ ಬಳಗ ಸಾಲಾಗಿ ಕೂತಿತ್ತು. ಚಿಕ್ಕಪ್ಪ ಧನ್ ಬಹದ್ದೂರ್, ಯಾರದೋ ಮದುವೆಯ ಕೋಟು ಹಾಕಿಕೊಂಡಿದ್ದರು. ದೊಡ್ಡಮ್ಮ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದಿದ್ದ ಹುಲಿಗೆಮ್ಮ. ಚಿಕ್ಕಪ್ಪನ ಮಕ್ಕಳೆಂದು ಒಡಿಶಾದ ಇಬ್ಬರು ಗಾರ್ಮೆಂಟ್ಸ್ ಹುಡುಗಿಯರು, ಬಾಯಿ ತೆರೆಯಕೂಡದು ಎಂಬ ಅಪ್ಪಣೆಯೊಂದಿಗೆ. ಒಬ್ಬರ ಮುಖ ಇನ್ನೊಬ್ಬರದನ್ನು ಹೋಲುತ್ತಿರಲಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಷ್ಟೂ ಜನ ಬ್ಯಾಡರಹಳ್ಳಿಯ ಸುತ್ತಮುತ್ತಲಿನವರು, ನಮ್ಮ ಅಧ್ಯಯನಕ್ಕೆ ಉತ್ತರ ಕೊಟ್ಟವರು. ನಾನು ಯಾರನ್ನೂ ಗುರುತಿಸಲಿಲ್ಲ. ಧನ್ ಬಹದ್ದೂರ್ ನನ್ನನ್ನು ನೋಡಿ ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿಕೊಂಡರು. ಅದು ನನಗೆ ಸಲ್ಲಬೇಕಾದದ್ದೇ.

"ಎಲ್ಲಾ ಇದ್ದಾರೆ, ಸೋದರಮಾವ ಒಬ್ಬರು ಕಡಿಮೆ," ಎಂದು ಪರಮೇಶ್ವರಿ ತಾರಸಿಯಿಂದ ಬಗ್ಗಿ ನೋಡುತ್ತಿದ್ದರು. ರಸ್ತೆಯ ಆಚೆ ಹೊಂಗೆಮರದ ಕೆಳಗೆ ಇಸ್ತ್ರಿ ಅಂಗಿಯ ಮೂರ್ತಿ ಸಾರ್ ನಿಂತಿದ್ದರು. ಅವರನ್ನು ಪರಮೇಶ್ವರಿ ಎಂದೂ ಕಂಡಿರಲಿಲ್ಲ. "ಆ ಕನ್ನಡಕದವರು ಮರ್ಯಾದಸ್ಥರ ಹಾಗೆ ಇದ್ದಾರೆ. ಹೋಗಿ ಕರ್ಕೊಂಡು ಬಾ ತುಳಸಿ." ನಾನು ತಡೆಯುವಷ್ಟರಲ್ಲಿ ಹುಡುಗಿ ಇಳಿದುಹೋಗಿ "ಅರ್ಧ ಗಂಟೆ ಕೂತಿದ್ದು ಹೋಗಿ ಸಾರ್, ಪ್ಲೀಸ್" ಎಂದು ಅವರ ಕೈಹಿಡಿದು ತಂದಳು. ಕೈಹಿಡಿದು ಕರೆದವರಿಗೆ ಬೇಡ ಅನ್ನುವುದು ಅವರಿಗೆ ಎಂದೂ ಬಂದದ್ದಲ್ಲ. ನಡುವಿನ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡರು.

ಲಲಿತಮ್ಮ ಮಗನೊಂದಿಗೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹೂವು, ಹಣ್ಣು, ಒಂದು ಡಬ್ಬಿ ನಿಪ್ಪಟ್ಟು. ಬಾಗಿಲಲ್ಲಿ ನಿಂತು ಕುರ್ಚಿಗಳ ಸಾಲನ್ನು ನೋಡಿ ಅವರ ಮುಖ ಸಣ್ಣದಾಯಿತು. ಆಮೇಲೆ ನನ್ನನ್ನು ಕಂಡರು.

"ಇವರು?"

"ನಮ್ ಅತ್ತಿಗೆ," ಎಂದರು ಪರಮೇಶ್ವರಿ.

ತಾನು ಮನಸ್ಸು ಬಿಚ್ಚಿ ಹೇಳಿದ್ದೆಲ್ಲ ಹುಡುಗಿಯ ಕಡೆಯವಳ ಮುಂದೆಯೇ ಎಂದು ಲಲಿತಮ್ಮನಿಗೆ ಆಗ ಅನ್ನಿಸಿತು. ಅದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತನಾಡಿಸಲಿಲ್ಲ, ಹಾಗಾಗಿ ನಾನೂ ಮಾತನಾಡುವಂತಿರಲಿಲ್ಲ.

ಪರಿಚಯ ಮುಂದುವರಿಯಿತು. "ನಾ ದೊಡ್ಡವ್ವ ನೋಡ್ರಿ," ಎಂದರು ಹುಲಿಗೆಮ್ಮ. "ಚಿಕ್ಕಪ್ಪ," ಎಂದರು ಧನ್ ಬಹದ್ದೂರ್, ಅವರಿಗೆ ಹೇಳಿಕೊಟ್ಟಿದ್ದು ಅಷ್ಟೇ. ಮೂರ್ತಿ ಸಾರ್ ಸರದಿ ಬಂತು. ಸುಳ್ಳು ಬಾಯಿಗೆ ಬರಲಿಲ್ಲ. "ನಾನು ಸುಮ್ನೆ ಕೂತಿದೀನಿ," ಎಂದರು.

"ನಮ್ ಅಣ್ಣ ಮಿತಭಾಷಿ," ಎಂದು ಪರಮೇಶ್ವರಿ ಧಾರಾವಾಹಿಯ ಗತ್ತಿನಲ್ಲಿ ಮುಂದುವರಿಸಿದರು. "ಇವರೆಲ್ಲಾ ಬರೀ ಹತ್ತಿರದವರು. ಹಬ್ಬ ಬಂದ್ರೆ ನೋಡ್ಬೇಕು, ಈ ಮನೆಯಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ಅಳಿಯಂದಿರನ್ನು ನಾವು ಯಾವ ಹಬ್ಬಕ್ಕೂ ಬಿಟ್ಟುಕೊಡಲ್ಲ."

ಒಂದೊಂದು ಮಾತಿಗೂ ಲಲಿತಮ್ಮ ಒಂದೊಂದು ಅಂಗುಲ ಹಿಂದಕ್ಕೆ ಸರಿಯುತ್ತಿದ್ದರು. ಕೊನೆಗೆ ಎದ್ದರು. "ನಿಮ್ಮದು ದೊಡ್ಡ ಬಳಗ. ನಮ್ಮದು ಇಬ್ಬರೇ. ಯೋಚನೆ ಮಾಡಿ ಹೇಳ್ತೀವಿ."

ಹೆಣ್ಣು ನೋಡಲು ಬಂದವರು ಯೋಚಿಸಿ ಹೇಳುತ್ತೇವೆ ಅಂದರೆ ಏನರ್ಥ ಎಂಬುದು ಒಡಿಶಾದ ಹುಡುಗಿಯರಿಗೂ ತಿಳಿಯಿತು. ತುಳಸಿ ತಟ್ಟೆ ಹಿಡಿದು ನಿಂತಲ್ಲೇ ತಲೆ ತಗ್ಗಿಸಿದಳು. ಹರೀಶ "ಅಮ್ಮ" ಎಂದ, ಅವರು ತಿರುಗಲಿಲ್ಲ. ನಾನು ಮೂರ್ತಿ ಸಾರ್ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಬೇರೆಯವರ ಮಾತು ಹೇಳಕೂಡದು ಸರಿ, ನನ್ನ ವಿಷಯ ನಾನು ಹೇಳಿಕೊಳ್ಳಲು ಯಾರ ಅಪ್ಪಣೆ ಎಂದು ಆಗ ಹೊಳೆಯಿತು. ಎದ್ದು ನಿಂತೆ.

"ನಾನು ಇವರ ಅತ್ತಿಗೆ ಅಲ್ಲ. ಇವರಿಗೆ ನಾನು ಏನೂ ಆಗ್ಬೇಕಿಲ್ಲ."

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು, "ಖರೇ ಹೇಳ್ಬೇಕಂದ್ರ ನಾನೂ ದೊಡ್ಡವ್ವ ಅಲ್ರಿ," ಎಂದರು. ಧನ್ ಬಹದ್ದೂರ್ ಕೋಟಿನ ಗುಂಡಿ ಬಿಚ್ಚುತ್ತಾ, "ನಾನೂ ಚಿಕ್ಕಪ್ಪ ಅಲ್ಲ," ಎಂದು ನಿಟ್ಟುಸಿರು ಬಿಟ್ಟರು. ಹುಡುಗಿಯರು ಅಪ್ಪಣೆ ಮೀರದೆ ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದರು. ಎಲ್ಲರೂ ಮೂರ್ತಿ ಸಾರ್ ಕಡೆ ನೋಡಿದರು. ಅವರು ಏನೂ ಹೇಳಲಿಲ್ಲ.

ಪರಮೇಶ್ವರಿ ಗೋಡೆಗೆ ಒರಗಿ ಕುಸಿದು ಕೂತರು. "ನಂಗೆ ಯಾರೂ ಇಲ್ಲಮ್ಮ. ನಾನು, ಇವಳು. ಅಷ್ಟೇ." ಅಳು ಬಂದುಬಿಟ್ಟಿತು. ಮೂರ್ತಿ ಸಾರ್ ಕುರ್ಚಿಯಿಂದ ಅರ್ಧ ಎದ್ದರು, ಬಾಗಿಲು ನೋಡಿದರು, ಮತ್ತೆ ಕೂತರು.

"ಯಾರೂ ಇಲ್ವಾ?" ಎಂದರು ಲಲಿತಮ್ಮ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಿದ್ದರು.

"ಇಲ್ಲ."

"ಹಬ್ಬಕ್ಕೂ?"

"ಹಬ್ಬಕ್ಕೂ ಇಬ್ಬರೇ. ಒಂದು ಲೋಟ ಪಾಯಸ ಮಾಡಿದ್ರೆ ಮಿಗುತ್ತೆ."

"ನಮ್ಮಲ್ಲೂ ಮಿಗುತ್ತೆ," ಎಂದರು ಲಲಿತಮ್ಮ. ಪರಮೇಶ್ವರಿಯ ಪಕ್ಕ ನೆಲದ ಮೇಲೇ ಕೂತರು. ಕೂತು ನನ್ನ ಕಡೆ ನೋಡಿ, "ನೀವು ನಮ್ ಮನೆಗೂ ಬಂದಿದ್ರಲ್ಲ ಮೇಡಂ," ಎಂದರು. ಈಗ ನಾನು ಗುರುತು ಹಿಡಿಯಬಹುದಿತ್ತು. "ಹೌದಮ್ಮ," ಎಂದೆ. "ಇವರಿಗೆ ಏನೂ ಹೇಳಿಲ್ಲ ತಾನೆ?" "ಒಂದು ಮಾತೂ ಹೇಳಿಲ್ಲ." ಅವರು ನನ್ನನ್ನೂ ಅಳುತ್ತಿದ್ದ ಪರಮೇಶ್ವರಿಯನ್ನೂ ನೋಡಿದರು. ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಅವರಿಗೇ ಅರ್ಥವಾಯಿತು. ಮುಖದ ಬಿಗಿ ಸಡಿಲವಾಯಿತು.

"ನೀವು ಕರೆದ್ರೆ ಸುಳ್ಳು ಹೇಳಕ್ಕಾದ್ರೂ ಇಷ್ಟು ಜನ ಬರ್ತಾರಲ್ಲ," ಎಂದು ಪರಮೇಶ್ವರಿಯ ಬೆನ್ನು ಸವರಿದರು. "ನಂಗೆ ಅದೂ ಇಲ್ಲ. ಏಳಿ, ಕಾಫಿ ಇಡಿ. ಹುಡುಗಿ ಚೆನ್ನಾಗಿದಾಳೆ."

ನಿಪ್ಪಟ್ಟಿನ ಡಬ್ಬಿ ತೆರೆದರು. ಧನ್ ಬಹದ್ದೂರ್ ನನಗೆ ಮೊದಲ ನಿಪ್ಪಟ್ಟು ಎತ್ತಿಕೊಟ್ಟರು, ರಾಜಿಯಾಯಿತು. ಕಾಫಿ ಕುಡಿಯುತ್ತಾ ಲಲಿತಮ್ಮ ಮೂರ್ತಿ ಸಾರ್ ಕಡೆ ತಿರುಗಿದರು.

"ಎಲ್ಲಾ ಸರಿ. ಹುಡುಗೀನ ಹಸೆಮಣೆಗೆ ಕರ್ಕೊಂಡು ಬರಕ್ಕೆ ಸೋದರಮಾವ ಬೇಕಲ್ಲ. ಎಲ್ಲರೂ ಅಲ್ಲ ಅಂತ ಹೇಳಿದ್ರು, ನೀವೊಬ್ರು ಹೇಳ್ಲಿಲ್ಲ."

ಸಾರ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ಹೌದು, ಹೇಳ್ಲಿಲ್ಲ," ಎಂದರು.

ಅತ್ತಿಗುಪ್ಪೆಯ ಒಂದು ಚಿಕ್ಕ ಛತ್ರದಲ್ಲಿ ಮದುವೆಯಾಯಿತು. ಮೂರ್ತಿ ಸಾರ್ ಪಂಚೆ ಉಟ್ಟು ತುಳಸಿಯ ಕೈಹಿಡಿದು ಮಂಟಪಕ್ಕೆ ಕರೆತಂದರು. ಅವರಿಗೆ ಅಕ್ಕತಂಗಿಯರಿರಲಿಲ್ಲ, ಆ ಕೆಲಸ ಹಿಂದೆ ಎಂದೂ ಮಾಡಿದವರಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಕಣ್ಣೊರೆಸಿಕೊಂಡರು, ಎದ್ದು ಹೊರಗೆ ಹೋಗಲಿಲ್ಲ.

ಮದುವೆ ಮುಗಿದ ಮೇಲೆ ಅಧ್ಯಯನದ ನೀತಿ ಸಮಿತಿಯ ಸಭೆ ಇತ್ತು. ಸಂಶೋಧಕರು ತಮ್ಮ ಸ್ವಂತ ಬಂಧುಗಳನ್ನು ಅಧ್ಯಯನದಲ್ಲಿ ಸೇರಿಸುವಂತಿಲ್ಲ ಎಂದು ಒಂದು ನಿಯಮವಿದೆ. ಮೂರ್ತಿ ಸಾರ್ ಎದ್ದು ನಿಂತು, ಅದರ ಪ್ರಕಾರ ಎರಡು ಸಂದರ್ಶನಗಳನ್ನು ಕೈಬಿಡುತ್ತಿದ್ದೇನೆ ಎಂದರು. ಸಮಿತಿಯ ಹಿರಿಯರೊಬ್ಬರು, ಅವರು ನಿಮಗೆ ಏನಾಗಬೇಕು ಎಂದು ಕೇಳಿದರು.

ಸುಳ್ಳು ಹೇಳಲು ಬಾರದ ಆ ಮನುಷ್ಯ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಒಬ್ಬರು ತಂಗಿ. ಇನ್ನೊಬ್ಬರು ಬೀಗಿತ್ತಿ."